ಡಾಕ್ಟರ ಸಂಘ ಅಂದರೆ ಬರೀ ಊಟ, ಸಮ್ಮೇಳನ ಅಷ್ಟೇನಾ?

ಪ್ರಶ್ನೆ: ತೊಡೆ ಸಂದಿಯಲ್ಲಿ ಹುಳುಕಡ್ಡಿ ಆಗಿತ್ತು. ಮೆಡಿಕಲ್ ಶಾಪಿನಲ್ಲಿ ಕೊಟ್ಟ ಟ್ಯೂಬ್ ಹಚ್ಚಿದೆ. ಎರಡೇ ದಿನಕ್ಕೆ ತುರಿಕೆ ಮಾಯ, ಬಿಟ್ಟ ತಕ್ಷಣ ಡಬಲ್ ಆಗಿ ಬಂತು. ಕೊನೆಗೆ ಚರ್ಮದ ಡಾಕ್ಟರ ಹತ್ತಿರ ಹೋದೆ. ಸ್ಟಿರಾಯ್ಡ್ ಕ್ರೀಮ್ ಬಗ್ಗೆ ನಮ್ಮ ಸಂಘ ವರ್ಷಗಟ್ಟಲೆ ಕೆಲಸ ಮಾಡಿದೆ, ಸಂಶೋಧನೆಗೂ ನೆರವು ಕೊಡುತ್ತದೆ ಅಂದರು. ನಿಜವಾ? ನನಗೇನೋ ಡಾಕ್ಟರ ಸಂಘ ಅಂದರೆ ವರ್ಷಕ್ಕೊಂದು ಸಮ್ಮೇಳನ, ಒಳ್ಳೆ ಊಟ ಅಷ್ಟೇ ಅನ್ನಿಸುತ್ತದೆ.
– ಓದುಗರೊಬ್ಬರು, ತಿಪಟೂರು

ಉತ್ತರ: ಊಟ ಇರುತ್ತದೆ ಬಿಡಿ, ಸ್ಟಾಲುಗಳಲ್ಲಿ ಕ್ರೀಮ್ ಕಂಪನಿಗಳ ಜಾತ್ರೆಯೂ ಇರುತ್ತದೆ. ಆದರೆ ನಿಮ್ಮ ಪ್ರಶ್ನೆಗೆ ಉತ್ತರ ನಿಮ್ಮ ಟ್ಯೂಬಿನಲ್ಲೇ ಇದೆ.

ಅಂಥ ಟ್ಯೂಬುಗಳಲ್ಲಿ ಸಾಮಾನ್ಯವಾಗಿ ಹುಳುಕಡ್ಡಿ ತರುವ ಫಂಗಸ್ಸಿನ ಔಷಧದ ಜೊತೆ ಜೋರು ಸ್ಟಿರಾಯ್ಡ್ ಬೆರೆಸಿರುತ್ತಾರೆ. ಸ್ಟಿರಾಯ್ಡ್ ತುರಿಕೆಯನ್ನು, ಕೆಂಪನ್ನು ಬೇಗ ಅಡಗಿಸುತ್ತದೆ. ಅದೇ ಹೊತ್ತಿಗೆ ಚರ್ಮ ಫಂಗಸ್ ವಿರುದ್ಧ ಹೋರಾಡುವುದನ್ನೂ ಅಡಗಿಸುತ್ತದೆ. ಹಾಗಾಗಿ ಮೇಲೆ ವಾಸಿಯಾದಂತೆ ಕಂಡರೂ ಒಳಗೆ ಹುಳುಕಡ್ಡಿ ಹಬ್ಬುತ್ತಲೇ ಇರುತ್ತದೆ. ಇದೇ ಕ್ರೀಮನ್ನು ಬೆಳ್ಳಗಾಗಲಿ ಅಂತ ಮುಖಕ್ಕೆ ಹಚ್ಚುವವರ ಪಾಡು ಇನ್ನೊಂದು ಥರ: ಚರ್ಮ ತೆಳ್ಳಗಾಗುತ್ತದೆ, ಬಿಸಿಲಿಗೆ ಉರಿಯುತ್ತದೆ, ಮೊಡವೆ, ಕೂದಲು ಬರುತ್ತವೆ.

ಇಂಥ ರೋಗಿಗಳನ್ನು ಒಬ್ಬೊಬ್ಬ ಡಾಕ್ಟರೂ ತಮ್ಮ ಕ್ಲಿನಿಕ್ಕಿನಲ್ಲಿ ನೋಡುತ್ತಲೇ ಇದ್ದರು. ಆದರೆ ಒಬ್ಬರು ನೋಡಿದ್ದು ಅನುಭವ ಅಷ್ಟೇ, ಅದನ್ನು ಹಿಡಿದುಕೊಂಡು ಸರ್ಕಾರದ ಮುಂದೆ ಹೋದರೆ ಯಾರು ಕೇಳುತ್ತಾರೆ? ಲೆಕ್ಕ ಬೇಕು. ದೇಶದ 12 ಕೇಂದ್ರಗಳ ಚರ್ಮ ವೈದ್ಯರು ಸೇರಿ ಆ ಲೆಕ್ಕ ಹಾಕಿದರು. ಮುಖದ ಚರ್ಮದ ತೊಂದರೆ ಅಂತ ಬಂದ 2,926 ಜನರಲ್ಲಿ 433 ಮಂದಿ ಮುಖಕ್ಕೆ ಸ್ಟಿರಾಯ್ಡ್ ಹಚ್ಚುತ್ತಿದ್ದರು. ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಅದನ್ನು ಹೇಳಿದವರು ಡಾಕ್ಟರೇ ಅಲ್ಲ! 2011ರಲ್ಲಿ ಇದು ಪ್ರಕಟವಾಗಿದ್ದು ಐಎಡಿವಿಎಲ್‌ನ ಪತ್ರಿಕೆಯಲ್ಲಿ. ಐಎಡಿವಿಎಲ್ ಅಂದರೆ ಚರ್ಮ, ಲೈಂಗಿಕ ರೋಗ ಮತ್ತು ಕುಷ್ಠರೋಗ ವೈದ್ಯರ ಅಖಿಲ ಭಾರತ ಸಂಘ. 1973ರಲ್ಲಿ ಎರಡು ಹಳೆಯ ಸಂಘಗಳು ಕೂಡಿ ಆಗಿದ್ದು. ಪತ್ರಿಕೆಯ ಬೇರು ಇನ್ನೂ ಹಳೆಯದು, 1935ರದ್ದು. ಇಂಟರ್ನೆಟ್ಟಿನಲ್ಲಿ ಯಾರು ಬೇಕಾದರೂ ಪುಕ್ಕಟೆ ಓದಬಹುದು.

ಆಮೇಲೆ ಸಂಘ ಸ್ಟಿರಾಯ್ಡ್ ದುರ್ಬಳಕೆಯ ಮೇಲೆ ಒಂದು ಪಡೆಯನ್ನೇ ಕಟ್ಟಿ ಸರ್ಕಾರದ ಬೆನ್ನು ಹತ್ತಿತು. ತಮಾಷೆ ನೋಡಿ, ಸ್ಟಿರಾಯ್ಡ್ ಮಾತ್ರೆಗೆ ಡಾಕ್ಟರ ಚೀಟಿ ಬೇಕಿತ್ತು, ಹಚ್ಚುವ ಕ್ರೀಮಿಗೆ ಮಾತ್ರ ನಿಯಮದ ಅಡಿಟಿಪ್ಪಣಿಯೊಂದರಲ್ಲಿ ವಿನಾಯಿತಿ ಇತ್ತು. 2018ರ ಮಾರ್ಚಿನಲ್ಲಿ 14 ಸ್ಟಿರಾಯ್ಡ್‌ಗಳ ಕ್ರೀಮಿಗೂ ಚೀಟಿ ಕಡ್ಡಾಯವಾಯಿತು. ಆದರೂ ನಿಮಗೆ ಟ್ಯೂಬ್ ಸಿಕ್ಕಿತು, ಅಲ್ವಾ? ಕಾನೂನು ಮಾಡಿಸುವುದು ಒಂದು, ಅಂಗಡಿಯ ಕೌಂಟರಿನವರೆಗೆ ಅದು ಬರುವುದು ಇನ್ನೊಂದು.

ಜಗ್ಗದ ಹುಳುಕಡ್ಡಿಗೆ ಅಂತಲೇ ಸಂಘದ ಇನ್ನೊಂದು ಪಡೆ ಇದೆ. ಮಾಮೂಲಿ ಔಷಧವಾದ ಟರ್ಬಿನಾಫಿನ್‌ಗೆ ಬಗ್ಗದ ಫಂಗಸ್ ಈಗ ನಮ್ಮಲ್ಲಿ ಬೇಕಾದಷ್ಟಿದೆ. 2020ರಲ್ಲಿ ಅದಕ್ಕೆ ಟ್ರೈಕೋಫೈಟಾನ್ ಇಂಡೋಟಿನಿಯೆ ಅಂತ ಹೆಸರಿಟ್ಟರು. ನಮ್ಮ ದೇಶದ ಹೆಸರು ಹೀಗೂ ಮೆರೆಯಬೇಕಾಯಿತು.

ಇನ್ನು ದುಡ್ಡು. ಪಿಜಿ ವಿದ್ಯಾರ್ಥಿಗಳ ಥೀಸಿಸ್‌ಗೆ ಸಂಘ ಸಣ್ಣ ಅನುದಾನ ಕೊಡುತ್ತದೆ. ಹೊಸ ಔಷಧ ಕಂಡುಹಿಡಿಯುವ ದುಡ್ಡಲ್ಲ ಅದು. ಆದರೆ ಲ್ಯಾಬ್ ಟೆಸ್ಟಿನ ಖರ್ಚು ಹುಡುಗರ ಜೇಬಿಗೆ ಬೀಳದಿದ್ದರೆ ಅಷ್ಟೇ ಸಾಕು.

ಪ್ರಶ್ನೆ: ಅಮ್ಮನಿಗೆ ಸೋರಿಯಾಸಿಸ್. ಆಸ್ಪತ್ರೆಯಲ್ಲಿ ಸ್ಟಡಿಗೆ ಅಂತ ಸಹಿ ಕೇಳುತ್ತಿದ್ದಾರೆ. ಹಾಕಬಹುದಾ?
– ಓದುಗರೊಬ್ಬರು, ಹಾವೇರಿ

ಉತ್ತರ: ಹಾಕಬಹುದು, ಓದಿ ಹಾಕಿ. ಕಾಗದ ಕನ್ನಡದಲ್ಲಿ ಇಲ್ಲದಿದ್ದರೆ ಕೇಳಿ ಪಡೆಯಿರಿ. ಸ್ಟಡಿಯಿಂದ ರೋಗಿಗೆ ಅನ್ಯಾಯ ಆಗದಂತೆ ನೋಡುವ ನೈತಿಕ ಸಮಿತಿ ಒಪ್ಪಿದೆಯಾ, ಹೊಸ ಔಷಧ ಕೊಡುತ್ತಾರಾ ಅಥವಾ ಬರೀ ಮಾಹಿತಿ ಬರೆದುಕೊಳ್ಳುತ್ತಾರಾ, ಫೋಟೋದಲ್ಲಿ ಮುಖ ಕಾಣುತ್ತದಾ ಅಂತ ಕೇಳಿ. ಬೇಡ ಅಂದರೂ, ಒಪ್ಪಿ ನಡುವೆ ಬಿಟ್ಟರೂ, ಅಮ್ಮನ ಮಾಮೂಲಿ ಚಿಕಿತ್ಸೆ ನಿಲ್ಲಿಸುವಂತಿಲ್ಲ.