ಸ್ಪೇನಿನ ಸೆವಿಲ್ಲೆಯಲ್ಲಿ ಒಂದೇ ಬೆಳಗ್ಗೆ ಸಿಗುತ್ತೆ, ಮುಖ್ಯ ಸ್ಮಾರಕಗಳನ್ನು ಓಡುತ್ತಲೇ ನೋಡಬಹುದಾ?

ಜೂನ್ ಕೊನೆಗೆ ಕೆಲಸದ ಮೇಲೆ ಹೋಗ್ತೀರಿ, 10 ಕಿ.ಮೀ. ಓಡುವ ಅಭ್ಯಾಸ ಇದೆ, ಬೆಳಗ್ಗೆ ಎರಡು ಗಂಟೆ ಬಿಡುವು ಅಂತ ಬರೆದಿದ್ದೀರಿ. ಧಾರಾಳವಾಗಿ ಆಗುತ್ತೆ. ಊರು ಚಪ್ಪಟೆ, ಏರು ಅಂದರೆ ಸೇತುವೆಗಳದ್ದು ಮಾತ್ರ. ನೋಡಬೇಕಾದದ್ದೆಲ್ಲ ನದಿಯ ಆಚೀಚೆ ಒಟ್ಟಿಗೇ ಇದೆ. ಆದರೆ ಯಾವುದನ್ನು ಮೊದಲು, ಯಾವುದನ್ನು ಆಮೇಲೆ ಅನ್ನೋದು ತಪ್ಪಿದರೆ ಅರ್ಧ ಕೆಟ್ಟ ಹಾಗೆ. ಇಂಟರ್‌ನೆಟ್ಟಿನಲ್ಲಿ ಸಿಗುವ ಹೆಚ್ಚಿನ ದಾರಿಗಳು ಪ್ಲಾಸಾ ದೆ ಎಸ್ಪಾನ್ಯಾ ಅನ್ನುವ ದೊಡ್ಡ ಚೌಕದಿಂದ ಶುರುವಾಗುತ್ತವೆ. ಬೇಸಿಗೆಯಲ್ಲಿ ಅದು ಕೊನೆಗೆ ಬರಬೇಕು.

ಮೊದಲು ಗಡಿಯಾರದ ವಿಷಯ. ಕಬ್ಬನ್ ಪಾರ್ಕಿಗೆ 5:30ಕ್ಕೆ ಇಳಿಯುವವರು ಅಲ್ಲೂ ಹಾಗೇ ಎದ್ದರೆ ಕತ್ತಲಲ್ಲಿ ನಿಲ್ಲಬೇಕಾಗುತ್ತೆ. ಸ್ಪೇನ್ ತನ್ನ ಭೂಗೋಳಕ್ಕೆ ಹೊಂದದ, ಮಧ್ಯ ಯುರೋಪಿನ ಸಮಯ ಇಟ್ಟುಕೊಂಡಿದೆ, ಸೆವಿಲ್ಲೆಯೋ ದೇಶದ ಪಶ್ಚಿಮದ ಅಂಚಿನ ಹತ್ತಿರ. ಹಾಗಾಗಿ ಜೂನಿನಲ್ಲೂ ಸೂರ್ಯ ಹುಟ್ಟೋದು 7 ದಾಟಿದ ಮೇಲೆ. ಇದರ ಇನ್ನೊಂದು ಮುಖ, ದಿನದ ಅತಿ ಬಿಸಿಯ ಹೊತ್ತು ಮಧ್ಯಾಹ್ನ ಎರಡಕ್ಕಲ್ಲ, ಸಂಜೆ ಐದಾರಕ್ಕೆ. ರಾತ್ರಿ ಎಂಟಾದರೂ ಕಲ್ಲು ಬಿಸಿ ಉಗುಳುತ್ತಿರುತ್ತೆ. ಆದ್ದರಿಂದ ಸಂಜೆ ಓಟದ ಯೋಚನೆ ಬಿಟ್ಟುಬಿಡಿ. ಜೂನ್ ಕೊನೆಗೆ 40 ಡಿಗ್ರಿ ಅಲ್ಲಿ ಸುದ್ದಿಯೇ ಅಲ್ಲ.

7:10ರ ಹೊತ್ತಿಗೆ ಪುಯೆರ್ತಾ ದೆ ಹೆರೆಸ್ ವೃತ್ತದಿಂದ ಹೊರಡಿ, ಅಲ್ಲೇ ಮೆಟ್ರೊ ನಿಲ್ದಾಣ ಇದೆ. ಉತ್ತರಕ್ಕೆ ಅವೆನೀದಾ ದೆ ಲಾ ಕಾನ್ಸ್ತಿತುಸಿಯೋನ್. ಕಾರುಗಳಿಲ್ಲ ಅಂತ ಮೈಮರೆಯಬೇಡಿ, ನಡುವೆ ಟ್ರಾಮ್ ಓಡುತ್ತೆ. ಕೆಥೆಡ್ರಲ್ ಮುಂದೆ ತಲೆಯ ಮೇಲೆ ತಂತಿಯೂ ಇಲ್ಲ, ಒಳಗೇ ತುಂಬಿಟ್ಟುಕೊಂಡ ವಿದ್ಯುತ್ತಿನಲ್ಲಿ ಬರುವ ಟ್ರಾಮ್ ಸದ್ದಿಲ್ಲದೆ ಹಿಂದೆ ಬಂದು ನಿಂತಿರುತ್ತೆ. ಕಿವಿಗೆ ಇಯರ್‌ಫೋನ್ ಬೇಡ.

ಬಲಕ್ಕೆ ಮೊದಲು ಸಿಗೋದು ಆರ್ಕಿವೊ ದೆ ಇಂದಿಯಾಸ್, ಅಮೆರಿಕದ ವಸಾಹತುಗಳ ಕಡತಗಳನ್ನು 1785ರಿಂದ ಇಟ್ಟಿರುವ ಕಟ್ಟಡ. ಆಮೇಲೆ ಕೆಥೆಡ್ರಲ್. ಅದರ ಸುತ್ತ ಸಾಲುಗಂಬಗಳಿವೆ, ಕಂಬದಿಂದ ಕಂಬಕ್ಕೆ ದಪ್ಪ ಕಬ್ಬಿಣದ ಸರಪಳಿ ಜೋತಾಡುತ್ತೆ. ಗೋಪುರ ನೋಡುತ್ತ ಓಡುವವರಿಗೆ ಅದು ಕಣ್ಣಿಗೆ ಬೀಳೋದೇ ಇಲ್ಲ, ಕಾಲಿಗೆ ತಗುಲುತ್ತೆ. ಸರಪಳಿಯಿಂದ ಎರಡು ಮಾರು ದೂರವೇ ಓಡಿ, ಉತ್ತರದ ಕಡೆಯಿಂದ ಸುತ್ತಿಕೊಂಡು ಪೂರ್ವಕ್ಕಿರುವ ಪ್ಲಾಸಾ ವಿರ್ಹೆನ್ ದೆ ಲೋಸ್ ರೆಯೆಸ್‌ಗೆ ಬನ್ನಿ. ಇಲ್ಲಿ ಪೂರ್ತಿ ನಿಲ್ಲಿ. ಎಳೆಬಿಸಿಲು ನೇರವಾಗಿ ಕೆಥೆಡ್ರಲ್‌ನ ಗಂಟೆಗೋಪುರ ಹಿರಾಲ್ದಾದ ಮೇಲೆ ಬೀಳುತ್ತೆ. ಕೆಳಗಿನ ಇಟ್ಟಿಗೆಯ ಭಾಗ 1198ರಲ್ಲಿ ಮುಗಿದ ಮಸೀದಿಯ ಮಿನಾರು. ವಜ್ರಾಕೃತಿಯ ಜಾಲಂಧ್ರದಂಥ ಕೆತ್ತನೆ ಅದರದ್ದು. ಗಂಟೆಗಳಿರುವ ಮೇಲಿನ ಭಾಗ 1568ರಲ್ಲಿ ಪೂರ್ತಿಯಾದದ್ದು. ಎರಡು ಧರ್ಮ ಕೂಡುವ ಗೆರೆ ಕೆಳಗಿನಿಂದಲೇ ಸ್ಪಷ್ಟವಾಗಿ ಕಾಣುತ್ತೆ. ಹತ್ತು ಗಂಟೆಯ ಮೇಲೆ ಇಲ್ಲಿ ಕುದುರೆಗಾಡಿ, ಪ್ರವಾಸಿ ಗುಂಪುಗಳ ನಡುವೆ ನಡೆಯೋದೂ ಕಷ್ಟ.

ಅಲ್ಲಿಂದ ಅಲ್ಕಾಸರ್ ಅರಮನೆಯ ಗೋಡೆ ಪಕ್ಕ ಪಾತಿಯೊ ದೆ ಬಂದೇರಾಸ್ ಅಂಗಳ, ಅದರ ಮೂಲೆಯ ಕಮಾನಿನೊಳಗೆ ತೂರಿದರೆ ಸಾಂತಾ ಕ್ರೂಸ್, ಹಳೆಯ ಯಹೂದಿ ಕೇರಿ. ಅಂಗಳದ ಬಾಗಿಲು ಮುಚ್ಚಿದ್ದರೆ ಮತೇಯೋಸ್ ಗಾಗೊ ರಸ್ತೆಯಿಂದ ಒಳಗೆ ಹೋಗಿ. ಇಲ್ಲಿ ವಾಚಿನ ಜಿಪಿಎಸ್ ನಂಬಬೇಡಿ. ಓಣಿಗಳು ಇಕ್ಕಟ್ಟು, ಸಂಕೇತ ಗೋಡೆಗೆ ಬಡಿದು ಬರುವುದರಿಂದ ನಕ್ಷೆಯಲ್ಲಿ ನೀವು ಯಾರದೋ ಅಡುಗೆಮನೆಯಲ್ಲಿ ಇರ್ತೀರಿ. ಬಲಗಡೆ ಅರಮನೆಯ ಎತ್ತರದ ಗೋಡೆ ಇದ್ದರೆ ಸರಿಯಾದ ದಾರಿ. ಆ ಗೋಡೆ ಪಕ್ಕದ ಓಣಿಯೇ ಕಾಯೆಹೋನ್ ದೆಲ್ ಆಗ್ವಾ, ಅರಮನೆಗೆ ನೀರು ತರುತ್ತಿದ್ದ ಕೊಳವೆಗಳು ಈ ಗೋಡೆಯಲ್ಲೇ ಇದ್ದವು. ಬೆಳಗ್ಗೆ ಬೀದಿ ತೊಳೆದಿರುತ್ತಾರೆ. ನುಣುಪಾಗಿ ಸವೆದ ಕಲ್ಲು, ಮೇಲೆ ನೀರು. ತಿರುವಿನಲ್ಲಿ ನಡೆಯಿರಿ, ಮರ್ಯಾದೆ ಏನೂ ಹೋಗಲ್ಲ. ಈಸ್ಟರ್ ವಾರದ ಮೆರವಣಿಗೆಗಳು ಮುಗಿದ ದಿನಗಳಲ್ಲಿ ಹೋಗುವವರಿಗೆ ಇನ್ನೂ ಒಂದು ಕಾಟ ಇದೆ: ಮೇಣದಬತ್ತಿಯ ಮೇಣ ನೆಲಕ್ಕೆ ಅಂಟಿ ಶೂ ಕೀಚ್ ಅನ್ನುತ್ತೆ, ಜಾರುತ್ತೆ.

ಮುರಿಯೊ ತೋಟದ ಬಳಿ ಹೊರಬಿದ್ದು ಬಲಕ್ಕೆ, ಸಾನ್ ಫೆರ್ನಾಂದೊ ಬೀದಿಯಲ್ಲಿ ಹಳೆಯ ತಂಬಾಕು ಕಾರ್ಖಾನೆ ದಾಟಿ (ಈಗ ವಿಶ್ವವಿದ್ಯಾಲಯ, ಕಾರ್ಖಾನೆಗೂ ಕೋಟೆಯಂತೆ ಕಂದಕ ಯಾಕೆ ಬೇಕಿತ್ತು ಅಂದರೆ, ಕಳ್ಳಸಾಗಣೆಯ ಭಯ) ನದಿಗೆ ಬನ್ನಿ. ತೋರೆ ದೆಲ್ ಓರೊ ಎದುರಿಗೇ ಇದೆ, 1220ರ ದಶಕದ ಹನ್ನೆರಡು ಮೂಲೆಯ ಕಾವಲು ಗೋಪುರ. ರಸ್ತೆ ಮಟ್ಟ ಬಿಟ್ಟು ನೀರಿನ ಪಕ್ಕದ ಕೆಳದಾರಿಗೆ ಇಳಿಯಿರಿ, ಸಿಗ್ನಲ್ ಕಾಟ ಇರಲ್ಲ. ತ್ರಿಯಾನಾ ಸೇತುವೆ ದಾಟಿ (1852ರ ಕಬ್ಬಿಣದ ಸೇತುವೆ), ಆಚೆ ದಡದ ಬೇತಿಸ್ ಬೀದಿಯಲ್ಲಿ ದಕ್ಷಿಣಕ್ಕೆ ಓಡಿ ಸಾನ್ ತೆಲ್ಮೊ ಸೇತುವೆಯಲ್ಲಿ ವಾಪಸ್. ಬೇತಿಸ್‌ನಿಂದ ಕಾಣುವ ನೋಟ ಪ್ರಸಿದ್ಧ, ಆದರೆ ಬೆಳಗ್ಗೆ ಸೂರ್ಯ ಎದುರಿಗೇ ಇರೋದರಿಂದ ಫೋಟೊದಲ್ಲಿ ತೋರೆ ದೆಲ್ ಓರೊ ಬರೀ ಕಪ್ಪು. ಫೋಟೊ ಬೇಕಾದರೆ ಸಂಜೆ ನಡೆದುಕೊಂಡು ಬನ್ನಿ.

ಹಸಿರು ಬಣ್ಣದ ಪಟ್ಟಿ ಸೈಕಲ್‌ನವರದ್ದು. ಎರಡೂ ದಿಕ್ಕಿನಿಂದ ಬರ್ತಾರೆ, ಪಾದಚಾರಿ ದಾರಿಯ ಮಟ್ಟದಲ್ಲೇ ಇರುತ್ತೆ, ಗೊತ್ತಾಗದೆ ಕಾಲಿಟ್ಟುಬಿಡ್ತೀವಿ.

ಇಷ್ಟಾಗುವಾಗ ಗಂಟೆ 8ರ ಹತ್ತಿರ, ಅಷ್ಟರಲ್ಲಿ ಮರಿಯಾ ಲೂಯಿಸಾ ಪಾರ್ಕಿನ ಬಾಗಿಲು ತೆಗೆಯುತ್ತಾರೆ. ಮೊದಲೇ ಬಂದಿದ್ದರೆ ಗೇಟಿನ ಹೊರಗೆ ಕಾಯಬೇಕಿತ್ತು. ಬಿಸಿಲು ಏರುವಾಗ ನೆರಳೂ ಸಿಕ್ಕಿತು. ಒಳಗೆ ಅಲ್ಬೇರೊ ಅನ್ನುವ ಹಳದಿ ಮರಳುಮಣ್ಣಿನ ದಾರಿ, ಕಲ್ಲಿನ ಮೇಲೆ ಬಂದ ಮೊಣಕಾಲಿಗೆ ಹಿತ. ಇಲ್ಲಿ ಎರಡು ಕಿ.ಮೀ. ಸುತ್ತಿ ಪ್ಲಾಸಾ ದೆ ಎಸ್ಪಾನ್ಯಾಗೆ ಬನ್ನಿ, 1929ರ ವಸ್ತುಪ್ರದರ್ಶನಕ್ಕೆ ವಾಸ್ತುಶಿಲ್ಪಿ ಅನಿಬಲ್ ಗೊನ್ಸಾಲೆಸ್ ರೂಪಿಸಿದ ಅರ್ಧಚಂದ್ರಾಕಾರದ ಕಟ್ಟಡ. ಕಟ್ಟಡದ ಮುಖ ಪಶ್ಚಿಮಕ್ಕೆ ಇರೋದರಿಂದ ಬೆಳಗ್ಗೆ ಕಮಾನುಗಳೆಲ್ಲ ನೆರಳಲ್ಲಿ. ಗೋಡೆಗುಂಟ ಪ್ರಾಂತ್ಯಕ್ಕೊಂದು ಹೆಂಚಿನ ಗೂಡು, ಆಲಾವಾದಿಂದ ಸರಗೋಸಾವರೆಗೆ ಸ್ಪ್ಯಾನಿಷ್ ಅಕ್ಷರಮಾಲೆಯ ಕ್ರಮದಲ್ಲಿ. ನಾಲ್ಕು ಪುಟ್ಟ ಸೇತುವೆಗಳ ಮೆಟ್ಟಿಲಿನ ಮೇಲೆ ಓಡಬೇಡಿ, ಬಣ್ಣದ ಹೆಂಚು ಒದ್ದೆಯಾದರೆ ಗಾಜಿನ ಹಾಗೆ.

ಇಲ್ಲಿಂದ ಹೊರಟ ಜಾಗಕ್ಕೆ ಒಂದು ಕಿ.ಮೀ. ಚಿಲ್ಲರೆ. ಒಟ್ಟು ಸುಮಾರು 8 ಆಗುತ್ತೆ. 10 ದಾಟಲೇಬೇಕು ಅಂದರೆ ತ್ರಿಯಾನಾ ಸೇತುವೆ ದಾಟುವ ಮೊದಲು ಅದೇ ದಡದಲ್ಲಿ ಉತ್ತರಕ್ಕೆ ಬರ್ಕೇತಾ ಸೇತುವೆವರೆಗೆ ಹೋಗಿ ಬನ್ನಿ, ಹೋಗಲು 2, ಬರಲು 2. ಆ ಕಡೆ ನೆರಳು ಕಡಿಮೆ, ಹಳೆಯದೂ ಕಡಿಮೆ, ನಾನಾದರೆ ಬಿಡುತ್ತೇನೆ.

ಅರ್ಧ ಲೀಟರ್ ನೀರು ಕೈಯಲ್ಲಿರಲಿ, ನಲ್ಲಿ ನೀರು ಕುಡಿಯಬಹುದು. ಒಣಹವೆಯಲ್ಲಿ ಬೆವರು ಮೈಮೇಲೆ ನಿಲ್ಲದೆ ಆರಿಹೋಗುತ್ತೆ, ನೀರು ಹೋಗಿದ್ದು ನಮ್ಮ ಕರಾವಳಿಯಲ್ಲಿ ಗೊತ್ತಾದ ಹಾಗೆ ಗೊತ್ತಾಗಲ್ಲ. ಬೀದಿಯ ಕಿತ್ತಳೆ ಕೀಳಬೇಡಿ, ಕಹಿ. ಜೋರು ಗಾಳಿ ಅಥವಾ ವಿಪರೀತ ಬಿಸಿಲಿನ ಎಚ್ಚರಿಕೆ ಇದ್ದ ದಿನ ಕೊಂಬೆ ಬೀಳುತ್ತೆ ಅಂತ ಪಾರ್ಕನ್ನೇ ಮುಚ್ಚುತ್ತಾರೆ. ಹಿಂದಿನ ರಾತ್ರಿ ನಗರಪಾಲಿಕೆಯ ಸೂಚನೆ ನೋಡಿಕೊಳ್ಳಿ, ಮುಚ್ಚಿದ್ದರೆ ಆ ಎರಡು ಕಿಲೋಮೀಟರನ್ನು ನದಿ ದಡದಲ್ಲೇ ಮುಗಿಸಿ.