ಬೇಲಿಗೆ ಸಿಮೆಂಟ್ ಕಂಬ ಮನೇಲೇ ಮಾಡ್ಕೋಬಹುದಾ?

ಪ್ರಶ್ನೆ: ಸರ್, ನಮ್ಮ ಬೇಲಿಯ ಮರದ ಕಂಬಗಳೆಲ್ಲ ಬುಡದಲ್ಲಿ ಕೊಳೆತು ಒಂದೊಂದಾಗಿ ವಾಲ್ತಾ ಇವೆ. ಮತ್ತೆ ಮರ ಹಾಕೋಕೆ ಮನಸ್ಸಿಲ್ಲ, ಅಚ್ಚು ಮಾಡ್ಕೊಂಡು ಸಿಮೆಂಟ್ ಕಂಬ ನಾವೇ ಹೊಯ್ಯೋಣ ಅಂತಿದೀವಿ. ಸಿಮೆಂಟ್ ಸ್ವಲ್ಪ ಜಾಸ್ತಿ ಹಾಕಿ ಮಧ್ಯದಲ್ಲಿ ಒಂದು ದಪ್ಪ ರಾಡ್ ಕೊಟ್ರೆ ಸಾಕಲ್ವಾ?

ಉತ್ತರ: ಧಾರಾಳವಾಗಿ ಮಾಡ್ಕೊಳ್ಳಿ, ಆದ್ರೆ ಮಧ್ಯದಲ್ಲಿ ಒಂದೇ ರಾಡ್ ಅನ್ನೋ ಯೋಚನೆ ಇವತ್ತೇ ಬಿಟ್ಬಿಡಿ. ಕಾಂಕ್ರೀಟಿಗೆ ಒತ್ತಡ ತಡ್ಕೊಳ್ಳೋ ಶಕ್ತಿ ಚೆನ್ನಾಗಿದೆ, ಎಳೆತ ತಡ್ಕೊಳ್ಳೋ ಶಕ್ತಿ ಅದರ ಹತ್ತರಲ್ಲಿ ಒಂದು ಪಾಲು ಇದ್ರೆ ಹೆಚ್ಚು. ತಂತಿ ಬಿಗಿದಾಗ, ದನ ಬಂದು ಮೈ ಉಜ್ಜಿದಾಗ ಕಂಬ ಬಾಗೋಕೆ ನೋಡುತ್ತೆ, ಆಗ ಒಂದು ಮಗ್ಗುಲು ಅದುಮುತ್ತೆ, ಎದುರು ಮಗ್ಗುಲು ಹಿಗ್ಗುತ್ತೆ, ಬಿರುಕು ಬಿಡೋದು ಆ ಹಿಗ್ಗೋ ಕಡೆ, ಕಬ್ಬಿಣ ಬೇಕಾಗಿರೋದೂ ಅಲ್ಲೇ. ನಟ್ಟನಡುವೆ ಎಳೆತನೇ ಇಲ್ಲ ಅಂದಮೇಲೆ ಅಲ್ಲಿ ಎಷ್ಟು ದಪ್ಪ ರಾಡ್ ಇಟ್ಟು ಏನು ಪ್ರಯೋಜನ? ಬೇಲಿ ಕಂಬ ಯಾವ ಕಡೆಗೆ ಬಾಗುತ್ತೆ ಅಂತ ಮೊದಲೇ ಹೇಳೋಕಾಗಲ್ಲ, ಅದಕ್ಕೇ ನಾಲ್ಕು ಮೂಲೆಗೂ ಒಂದೊಂದು. 4 ಇಂಚು ಚೌಕದ ಕಂಬಕ್ಕೆ 8 ಎಂಎಂ ರಾಡ್ ನಾಲ್ಕು, ಅರ್ಧ ಮುಕ್ಕಾಲು ಅಡಿಗೊಂದು ರಿಂಗ್ (ನಾಲ್ಕೂ ರಾಡನ್ನ ಸುತ್ತೋ ಬಾಗಿಸಿದ ಸಣ್ಣ ಕಂಬಿ) ಹಾಕಿ ಬೈಂಡಿಂಗ್ ವೈರಲ್ಲಿ ಕಟ್ಟಿ.

ಹಾಗಂತ ರಾಡನ್ನ ಅಚ್ಚಿನ ಹಲಗೆಗೆ ತಾಗಿಸಿ ಮಲಗಿಸಬೇಡಿ. ಸುತ್ತಲೂ 20ರಿಂದ 25 ಎಂಎಂ ಕಾಂಕ್ರೀಟ್ ಮುಚ್ಚಿರಬೇಕು, ಕಂಬದ ಎರಡೂ ತುದಿಯಲ್ಲೂ ಅಷ್ಟೇ. ಮುಚ್ಚಿಗೆ ತೆಳುವಾದ್ರೆ ತೇವ ಒಳಗೆ ಹೋಗಿ ಕಬ್ಬಿಣ ತುಕ್ಕು ಹಿಡಿಯುತ್ತೆ, ತುಕ್ಕು ಮೂಲ ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ಜಾಗ ತಗೊಳ್ಳುತ್ತೆ, ಅದು ಒಳಗಿಂದ ಒತ್ತಿ ಒತ್ತಿ ಮೂಲೆಯುದ್ದಕ್ಕೂ ಸೀಳು ಬಿಡಿಸುತ್ತೆ. ಹಳೇ ಕಂಬಗಳಲ್ಲಿ ಮೂಲೆ ಎದ್ದುಹೋಗಿ ಕೆಂಪು ರಾಡ್ ಕಾಣೋದು ನೋಡಿರ್ತೀರಲ್ಲ, ಅದು ಇದೇ. ರಾಡಿನ ಕೆಳಗೆ ಕವರ್ ಬ್ಲಾಕ್ ಇಡಿ, ಅಂದ್ರೆ ರಾಡನ್ನ ಹಲಗೆಯಿಂದ ಎತ್ತಿ ಹಿಡಿಯೋ ಸಣ್ಣ ಬಿಲ್ಲೆ, ಇಲ್ಲದಿದ್ರೆ ಸಿಮೆಂಟ್ ಗಾರೆಯಲ್ಲೇ ಸಣ್ಣ ಬಿಲ್ಲೆ ಮಾಡಿ ಒಣಗಿಸಿಟ್ಕೊಳ್ಳಿ. ಕಲ್ಲುಚೂರು ಮರದಚೂರು ಇಟ್ಟು ಸುಧಾರಿಸೋದು ಬೇಡ.

ಮಿಕ್ಸ್ ವಿಚಾರ. 1 ಪಾಲು ಸಿಮೆಂಟ್, ಒಂದೂವರೆ ಪಾಲು ಮರಳು, 3 ಪಾಲು ಸಣ್ಣ ಜಲ್ಲಿ, ಇದಕ್ಕಿಂತ ಸ್ಟ್ರಾಂಗ್ ಬೇಕಾಗಿಲ್ಲ. ಜಲ್ಲಿ 12 ಎಂಎಂ ಒಳಗಿರಲಿ, ದಪ್ಪ ಜಲ್ಲಿ ರಾಡ್ ಸಂದಿಯಲ್ಲಿ ಸಿಕ್ಕಿಹಾಕ್ಕೊಂಡು ಕೆಳಗೆ ಪೊಳ್ಳು ಬಿಡುತ್ತೆ. ಸಮುದ್ರದ ಮರಳು, ಉಪ್ಪುನೀರು ಎರಡೂ ಬೇಡ, ಉಪ್ಪು ಒಳಗಿರೋ ಕಬ್ಬಿಣಾನ ಬೇಗ ತಿಂದುಹಾಕುತ್ತೆ. ಎಲ್ಲದಕ್ಕಿಂತ ಹೆಚ್ಚಾಗಿ ನೀರಿನ ಮೇಲೆ ಕೈಹಿಡಿತ ಇರಲಿ. 50 ಕೆಜಿ ಚೀಲಕ್ಕೆ 25 ಲೀಟರ್ ಆಸುಪಾಸು, ಮರಳು ಒದ್ದೆ ಇದ್ರೆ ಇನ್ನೂ ಕಮ್ಮಿ. ಕಲಸೋರಿಗೆ ಗಟ್ಟಿ ಅನ್ಸುತ್ತೆ, ಇನ್ನೊಂದು ಬಕೆಟ್ ಸುರಿಯೋಣ ಅನ್ಸೋದೂ ಸಹಜ, ಆದ್ರೆ ಹೆಚ್ಚಾದ ನೀರು ಆಮೇಲೆ ಆರಿಹೋಗಿ ಆ ಜಾಗವೆಲ್ಲ ಸಣ್ಣ ಸಣ್ಣ ತೂತಾಗಿ ಉಳಿಯುತ್ತೆ, ನೀವು ಎಷ್ಟು ಸಿಮೆಂಟ್ ಜಾಸ್ತಿ ಹಾಕಿದ್ರೂ ಆ ನಷ್ಟ ತುಂಬಲ್ಲ. ಗಟ್ಟಿ ಮಿಕ್ಸನ್ನ ಅಚ್ಚಿಗೆ ಎರಡು ಪದರವಾಗಿ ತುಂಬಿ, ಒಂದೊಂದು ಪದರಕ್ಕೂ ಕಬ್ಬಿಣದ ಸರಳಿಂದ ಚುಚ್ಚಿ ಚುಚ್ಚಿ ಕೂರಿಸಿ, ಹಲಗೆ ಬದಿಗೆ ಸುತ್ತಿಗೆಯಿಂದ ತಟ್ಟುತ್ತಾ ಹೋಗಿ, ಮೇಲೆ ಗುಳ್ಳೆ ಬರೋದು ನಿಲ್ಲೋವರೆಗೂ. ಬರಿಗೈಲಿ ಮುಟ್ಟಬೇಡಿ, ಹಸಿ ಸಿಮೆಂಟ್ ಚರ್ಮ ಸುಡುತ್ತೆ, ಗ್ಲೌಸ್ ಹಾಕ್ಕೊಳ್ಳಿ.

ಅಚ್ಚಿಗೆ ಮೊದಲೇ ಎಣ್ಣೆ ಸವರಿರಬೇಕು, ರಾಡ್ ಇಡೋದಕ್ಕೆ ಮುಂಚೆ. ಎಣ್ಣೆ ರಾಡಿಗೆ ತಾಗಿದ್ರೆ ಕಾಂಕ್ರೀಟ್ ಅದನ್ನ ಹಿಡ್ಕೊಳ್ಳಲ್ಲ. ತಂತಿಗೆ ತೂತು ಬೇಕಾದ್ರೆ ಗ್ರೀಸ್ ಸವರಿದ ಸಣ್ಣ ಸರಳನ್ನ ಅಡ್ಡಕ್ಕೆ ತೂರಿಸಿಟ್ಟು, ಕಾಂಕ್ರೀಟ್ ಬಿಗೀತಾ ಬರುವಾಗ ಆಗಾಗ ತಿರುಗಿಸ್ತಾ ಇದ್ದು ಆಮೇಲೆ ಎಳೆದುಬಿಡಿ.

ಒಂದು ದಿನ ಕಳೆದಮೇಲೆ ಪಕ್ಕದ ಹಲಗೆ ಬಿಚ್ಚಬಹುದು, ಆದ್ರೆ ಕಂಬವನ್ನ ಎತ್ತಬೇಡಿ, ತಳದ ಹಲಗೆ ಮೇಲೇ ಇರಲಿ. 2 ಮೀಟರ್ ಕಂಬ ಹತ್ರಹತ್ರ 50 ಕೆಜಿ ತೂಗುತ್ತೆ, ಎಳೇ ಕಂಬವನ್ನ ಎರಡು ತುದಿ ಹಿಡಿದು ಎತ್ತಿದ್ರೆ ತನ್ನ ಭಾರಕ್ಕೇ ನಡುವೆ ಬಿರುಕು ಬಿಡುತ್ತೆ, ಆ ಬಿರುಕು ಕೂದಲೆಳೆ ಥರ ಇರೋದ್ರಿಂದ ಕಣ್ಣಿಗೂ ಬೀಳಲ್ಲ. ಒಂದು ವಾರ ಆದಮೇಲೆ ಇಬ್ಬರು ಸೇರಿ ಹುಷಾರಾಗಿ ಸರಿಸಿ. ಗೋಣಿಚೀಲ ಹೊದಿಸಿ ಎರಡು ವಾರ ಒಣಗೋಕೆ ಬಿಡದೆ ನೀರು ಹಾಕಿ. ನೆಟ್ಟು ತಂತಿ ಬಿಗಿಯೋದು 28 ದಿನ ಆದಮೇಲೆ. ಬಹಳ ಜನ ಸೋಲೋದು ಇಲ್ಲಿ ಕಾಯೋಕಾಗದೆ.

ಪ್ರಶ್ನೆ: ರಾಡ್ ಬದಲು ಬಿದಿರಿನ ಸೀಳು ಹಾಕಬಹುದು ಅಂತ ಯಾರೋ ಹೇಳಿದ್ರು, ಹೌದಾ?

ಉತ್ತರ: ಬೇಡ. ಹಸಿ ಕಾಂಕ್ರೀಟಲ್ಲಿ ಬಿದಿರು ನೀರು ಕುಡಿದು ಉಬ್ಬುತ್ತೆ, ಆಮೇಲೆ ಒಣಗಿ ಕುಗ್ಗುತ್ತೆ, ಕುಗ್ಗಿದಮೇಲೆ ಸುತ್ತ ಸಂದಿ ಬಿದ್ದು ಹಿಡಿತ ಹೋಗುತ್ತೆ. ಮೂಲೆ ಕಂಬಕ್ಕಂತೂ ಕೇಳ್ಲೇಬೇಡಿ, ಇಡೀ ಸಾಲಿನ ತಂತಿಯ ಎಳೆತ ಅದರ ಮೇಲಿರುತ್ತೆ. ಮೂಲೆಗೆ ಕಂಬವನ್ನೇ ದಪ್ಪ ಮಾಡಿ, ತಂತಿ ಎಳೆಯೋ ಕಡೆಯಿಂದ ಓರೆಯಾಗಿ ಒಂದು ಆಸರೆ ಕಂಬ ಕೊಡಿ.

ಪ್ರಶ್ನೆ: ನಮ್ಮ ಮರದ ಕಂಬಗಳು ಮೇಲೆಲ್ಲ ಗಟ್ಟಿಯಾಗಿವೆ, ಕೊಳೆತಿರೋದು ನೆಲದ ಮಟ್ಟದಲ್ಲಿ ಮಾತ್ರ. ಎಲ್ಲವನ್ನೂ ಕಿತ್ತು ಹಾಕಲೇಬೇಕಾ?

ಉತ್ತರ: ಬೇಕಿಲ್ಲ. ಮರ ಕೊಳೆಸೋ ಶಿಲೀಂಧ್ರಕ್ಕೆ ತೇವ ಗಾಳಿ ಎರಡೂ ಬೇಕು, ನೆಲದ ಮಟ್ಟದಲ್ಲಿ ಎರಡೂ ಸಿಗುತ್ತೆ, ಅದಕ್ಕೇ ಅಲ್ಲಿ ಮೊದಲು ಹೋಗುತ್ತೆ. ಮೇಲಿನ ಭಾಗಕ್ಕೆ ಚಾಕು ಚುಚ್ಚಿ ನೋಡಿ, ಒಳಗೆ ಇಳೀದಿದ್ರೆ ಆ ಮರ ಇನ್ನೂ ಕೆಲಸಕ್ಕೆ ಬರುತ್ತೆ. ಇದೇ ರೀತೀಲಿ ನಾಲ್ಕಡಿ ಉದ್ದದ ಮೋಟು ಕಂಬ ಎರಕ ಹೊಯ್ದು, ಬೋಲ್ಟಿಗೆ ಎರಡು ತೂತು ಬಿಟ್ಟು, ಎರಡಡಿ ನೆಲದೊಳಗೆ ಹೂತು ಮಣ್ಣನ್ನ ಪದರ ಪದರವಾಗಿ ದಮ್ಮಸ್ಸು ಮಾಡಿ. ಮರದ ಕೊಳೆತ ಬುಡ ಕೊಯ್ದು ಹಾಕಿ, ಉಳಿದಿದ್ದನ್ನ ನೆಲಕ್ಕೆ ತಾಗದ ಹಾಗೆ ಎರಡು ಇಂಚು ಮೇಲೆತ್ತಿ ಆ ಮೋಟಿಗೆ ಬೋಲ್ಟ್ ಹಾಕಿ ಬಿಗಿಯಿರಿ. ಒಂದು ಬಿಟ್ಟು ಒಂದು ಕಂಬದಂತೆ ಮಾಡ್ತಾ ಹೋದ್ರೆ ತಂತಿ ಬಿಚ್ಚೋ ಕೆಲಸ ಇರಲ್ಲ. ಕೊಯ್ದ ತುಂಡುಗಳು ಕೆಮಿಕಲ್ ಹಾಕಿದ ಮರ ಆಗಿದ್ರೆ ಒಲೆಗೆ ಮಾತ್ರ ಹಾಕಬೇಡಿ, ಹೊಗೆ ಬೂದಿ ಎರಡೂ ವಿಷ.