ಟೋಕಿಯೋದ ಕುಹೊನ್‌ಬುತ್ಸು ಸ್ಟೇಷನ್ನಿನಲ್ಲಿ ಒಂದು ಬೋಗಿಯ ಬಾಗಿಲು ತೆರೆಯುವುದೇ ಇಲ್ಲವಂತೆ, ಯಾಕೆ?

ಹೌದು, ನಿಜ. ಕಾರಣ ಸರಳ: ಪ್ಲಾಟ್‌ಫಾರ್ಮ್ ಗಿಡ್ಡ, ರೈಲು ಉದ್ದ.

ಕುಹೊನ್‌ಬುತ್ಸು ಇರುವುದು ಸೆತಗಾಯಾ ವಾರ್ಡಿನಲ್ಲಿ, ತೊಕ್ಯೂ ಕಂಪನಿಯ ಓಯಿಮಾಚಿ ಮಾರ್ಗದಲ್ಲಿ. ಅಲ್ಲಿ ನಿಲ್ಲುವ ರೈಲುಗಳಿಗೆ ಐದು ಬೋಗಿ, ಪ್ಲಾಟ್‌ಫಾರ್ಮಿನಲ್ಲಿ ನಾಲ್ಕಕ್ಕಷ್ಟೇ ಜಾಗ. ಉದ್ದ ಮಾಡೋಣವೆಂದರೆ ಎರಡೂ ತುದಿಗೆ ಲೆವೆಲ್ ಕ್ರಾಸಿಂಗ್, ಅಕ್ಕಪಕ್ಕ ಮನೆ, ಅಂಗಡಿ. ಹಾಗಾಗಿ ಓಯಿಮಾಚಿಗೆ ವಿರುದ್ಧ ದಿಕ್ಕಿನ ಫುತಾಕೊ-ತಮಗಾವಾ ಸ್ಟೇಷನ್ ಕಡೆಯ ತುದಿಯ ಬೋಗಿಯ ಬಾಗಿಲು ಇಲ್ಲಿ ಮುಚ್ಚಿಯೇ ಇರುತ್ತದೆ. ಓಯಿಮಾಚಿ ಕಡೆಗೆ ಹೊರಟಿದ್ದರೆ ಅದು ಕೊನೆಯ ಬೋಗಿ, ವಾಪಸ್ ಬರುವಾಗ ಅದೇ ಮೊದಲನೆಯದು. ಮುಂಚೆಯೇ ಅನೌನ್ಸ್ ಮಾಡುತ್ತಾರೆ; ಫೋನ್ ನೋಡುತ್ತಾ ಕೂತವರು ಗಡಿಬಿಡಿಯಲ್ಲಿ ಪಕ್ಕದ ಬೋಗಿಗೆ ಓಡಬೇಕು, ಅಷ್ಟೇ. ಎಕ್ಸ್‌ಪ್ರೆಸ್‌ಗಳು ಇಲ್ಲಿ ನಿಲ್ಲುವುದೇ ಇಲ್ಲ. ಇದೇ ಮಾರ್ಗದ ತೊಗೊಶಿ-ಕೋಎನ್‌ನಲ್ಲೂ ಇದೇ ಪಾಡಿತ್ತು, 2013ರಲ್ಲಿ ಪ್ಲಾಟ್‌ಫಾರ್ಮ್ ಉದ್ದ ಮಾಡಿದ ಮೇಲೆ ತಪ್ಪಿತು.

ನನಗೆ ಇದಕ್ಕಿಂತ ಸ್ವಾರಸ್ಯ ಅನಿಸುವುದು ಸ್ಟೇಷನ್ನಿನ ಹೆಸರಿನ ಕಥೆ. ಹತ್ತಿರದ ಜೋಶಿನ್‌ಜಿ ದೇವಾಲಯದಲ್ಲಿ ಅಮಿದ (ಅಮಿತಾಭ) ಬುದ್ಧನ ಒಂಬತ್ತು ಮೂರ್ತಿಗಳಿವೆ, ಮೂರು ಮಂಟಪಗಳಲ್ಲಿ ಮೂರು ಮೂರರಂತೆ. ಹಾಗಾಗಿ ಜನ ದೇವಾಲಯವನ್ನು ಕುಹೊನ್‌ಬುತ್ಸು (ಒಂಬತ್ತು ದರ್ಜೆಯ ಬುದ್ಧರು) ಎಂದೇ ಕರೆಯುತ್ತಾರೆ. 1927ರಲ್ಲಿ ಈ ಹೆಸರು ಸಿಕ್ಕಿದ್ದು ಪಕ್ಕದ ಸ್ಟೇಷನ್ನಿಗೆ. 1929ರಲ್ಲಿ ದೇವಾಲಯಕ್ಕೆ ಇನ್ನೂ ಹತ್ತಿರವಾಗಿ ಈಗಿನ ಸ್ಟೇಷನ್ ಬಂತು, ಹೆಸರು ಇಲ್ಲಿಗೆ ವರ್ಗವಾಯಿತು. ಹೆಸರು ಬಿಟ್ಟುಕೊಟ್ಟ ಆ ಸ್ಟೇಷನ್ ಜಿಯುಗಾವೊಕಾ ಆಯಿತು. ಇವತ್ತು ಅಂಗಡಿ, ಕೆಫೆಗಳಿಂದ ಗಿಜಿಗುಡುವ ಪ್ರಸಿದ್ಧ ಬಡಾವಣೆ ಅದು.